ಸೂಜಿಮೂತಿಯ ಗುಂಡು

ಗುಂಡು ಎದೆಗೆ ಬೀಳಬೇಕಿತ್ತು, ದವಡೆಗೆ ಬಿತ್ತು. ಕೋವಿಯ ದುರ್ಬೀನಿನಲ್ಲಿ ಎಲ್ಡನ್‌ಗೆ ಸ್ಪಷ್ಟವಾಗಿ ಕಂಡಿತ್ತು. ಗಂಡು ಜಿಂಕೆ ತಲೆ ಕೊಡವಿತು, ಕೆಳದವಡೆ ಹರಿದ ಜೇಬಿನಂತೆ ಜೋತಾಡಿತು, ಆಮೇಲೆ ಅದು ಕೊರಕಲು ಹಾರಿ ಮರೆಯಾಯಿತು. ಎಲ್ಡನ್ ರಕ್ತದ ಹನಿಗಳ ಜಾಡು ಹಿಡಿದು ಕತ್ತಲಾಗುವವರೆಗೆ ನಡೆದ. ಕೊನೆಗೆ ಹನಿಯೂ ಸಿಗದಾಯಿತು. ದವಡೆ ಹೋದ ಜಿಂಕೆ ತಕ್ಷಣ ಸಾಯುವುದಿಲ್ಲ. ಮೇಯಲಾಗದೆ ಒಣಗಿ ಸಾಯುತ್ತದೆ. ಅಮೆರಿಕದ ಮೊಂಟಾನಾದ ಆ ಬಯಲಿನಲ್ಲಿ ದನ ಸಾಕುವ ಯಾರಿಗೂ ಇದನ್ನು ಹೇಳಿಕೊಡಬೇಕಿಲ್ಲ.

ಮನೆಯಲ್ಲಿ ಹೆಂಡತಿ ಜೊಲೀನ್ ಊಟ ಬಡಿಸಿದಳು. ಅವಳು ಅಗಿಯುವುದನ್ನು ನೋಡಲಾರದೆ ಅವನು ಎದ್ದುಹೋದ.

ಮರುದಿನ ಅವಳ ಅಣ್ಣ ಡೆಲ್ಬರ್ಟ್ ಬಂದ. ಬೇಟೆಯ ತೋಟಾಗಳನ್ನು ಇಬ್ಬರೂ ತಾವೇ ತುಂಬಿಕೊಳ್ಳುವವರು. ಯಾವ ಗುಂಡು, ಎಷ್ಟು ಮದ್ದು ಎಂಬುದೇ ಅವರ ನಿತ್ಯದ ಜಗಳ. ಈ ಸಲ ಎಲ್ಡನ್ ಆರಿಸಿದ್ದು ಚೂಪು ಮೂತಿಯ, ಹಿಂಬದಿ ಸಣ್ಣಗಾಗುತ್ತ ಹೋಗುವ ಉದ್ದನೆಯ ಗುಂಡು. ಗಾಳಿಯನ್ನು ಸೀಳಿ ಹೋಗುವಂಥದ್ದು, ಅಡ್ಡಗಾಳಿಗೆ ಸುಲಭಕ್ಕೆ ಜಗ್ಗದು.

ಡೆಲ್ಬರ್ಟ್ ಅದನ್ನು ಬೆಳಕಿಗೆ ಹಿಡಿದು ನೋಡಿದ. "ಇದೇನೋ, ರಾಕೆಟ್ ಇದ್ದಂಗಿದೆ. ನಿನ್ನ ಜಿಂಕೆ ಚಂದ್ರನ ಮೇಲೆ ಮೇಯ್ತಿತ್ತಾ?"

"ಆಗಸ್ಟಲ್ಲಿ ಗುರಿ ನೋಡಿದಾಗ ಗುಂಡೆಲ್ಲಾ ಒಂದೇ ಕಡೆ ಬಿದ್ದಿದ್ವು. ನೀನೇ ನೋಡಿದೀಯ."

"ನೋಡಿದೀನಿ. ಸೆಕೆ ಅಂತ ಅಂಗಿ ಬಿಚ್ಚಿ ಕೂತು ಹೊಡೆದ್ವಿ. ಈಗ ಹೊಡಿ ನೋಡೋಣ."

ಬೇಲಿಗೂಟಕ್ಕೆ ಕಾಗದ ಸಿಕ್ಕಿಸಿ ಹೊಡೆದರು. ಉಸಿರು ಮೀಸೆಯ ಮೇಲೆ ಹೆಪ್ಪುಗಟ್ಟುವ ಚಳಿ. ಹೋಗಿ ನೋಡಿದರೆ ಕಾಗದದಲ್ಲಿ ದುಂಡು ತೂತಿಲ್ಲ. ಗುಂಡಿನ ಇಡೀ ಮೈ ಅಡ್ಡಡ್ಡ ತೂರಿಹೋದ ಸೀಳಿತ್ತು.

ಕೋವಿ ಎಲ್ಡನ್‌ನ ಅಪ್ಪನ ಕಾಲದ್ದು. ಅದರ ನಳಿಕೆಯೊಳಗಿನ ಸುರುಳಿಗೆರೆಗಳನ್ನು ಗಿಡ್ಡ ಗುಂಡು ತಿರುಗಿಸಲೆಂದು ಕೊರೆದಿದ್ದರು. ಉದ್ದನೆಯದಕ್ಕೆ ಆ ತಿರುಗು ಸಾಲದು. ಬೇಸಗೆಯ ತೆಳು ಗಾಳಿಯಲ್ಲಿ ಹೇಗೋ ನೆಟ್ಟಗೆ ಹೋಗಿದ್ದು ನವೆಂಬರಿನ ದಟ್ಟ ಗಾಳಿಯಲ್ಲಿ ಪಲ್ಟಿ ಹೊಡೆದಿತ್ತು.

"ನಂಗೂ ಹೊಳೀಲಿಲ್ಲ ಬಿಡು," ಎಂದ ಡೆಲ್ಬರ್ಟ್. ತಮಾಷೆ ಮಾಡಲಿಲ್ಲ.

ಎಲ್ಡನ್ ಗಿಡ್ಡ, ಮೊಂಡುಮೂತಿಯ ಗುಂಡು ತುಂಬಿಕೊಂಡ. ಆದರೆ ಜಿಂಕೆ ಸಿಗಲಿಲ್ಲ. ಸಿಕ್ಕಿದ್ದು ಅದರ ಗುರುತು. ದನಗಳ ನೀರಿನ ತೊಟ್ಟಿಯ ಅಂಚಿನಲ್ಲಿ ಬೆಳಗಾದರೆ ಕೆಂಪುಜೊಲ್ಲು ಹೆಪ್ಪುಗಟ್ಟಿರುತ್ತಿತ್ತು.

"ಯಾವುದೋ ಹಸುವಿನ ಬಾಯಿಗೆ ತಂತಿ ಚುಚ್ಚಿರಬೇಕು," ಎಂದಳು ಜೊಲೀನ್.

"ಹಸು ಅಲ್ಲ."

ಆ ಜಿಂಕೆ ಬೇಕೆಂದೇ ತನ್ನ ಅಂಗಳಕ್ಕೆ ಬರುತ್ತಿದೆ ಎಂದು ಅವನಿಗೆ ಅನಿಸುತ್ತಿತ್ತು. ಜಿಂಕೆ ಹಾಗೆಲ್ಲ ಬರುವುದಿಲ್ಲವೆಂದೂ ಗೊತ್ತಿತ್ತು. ದನಗಳು ಮೆಲುಕು ಹಾಕುವ ಸದ್ದು ಕೇಳಿದರೆ ಅವನ ದವಡೆ ನೋಯತೊಡಗುತ್ತಿತ್ತು.

"ಹೋಗಿ ಮುಗಿಸು," ಎಂದ ಡೆಲ್ಬರ್ಟ್. "ಆದ್ರೆ ನಿನ್ನ ಹತ್ರ ಇರೋದು ಒಂದೇ ಚೀಟಿ, ನೆನಪಿರ್ಲಿ."

ಚೀಟಿಯೆಂದರೆ ಸರ್ಕಾರದ ಪರವಾನಗಿ. ಒಂದು ಚೀಟಿಗೆ ಒಂದು ಜಿಂಕೆ. ಹೊಡೆದದ್ದರ ಕೊಂಬಿಗೆ ಅಲ್ಲೇ ಕಟ್ಟಬೇಕು.

ಹೊತ್ತು ಇಳಿಯುವ ಸಮಯಕ್ಕೆ ಎಲ್ಡನ್ ಹುಲ್ಲಿನ ಪೆಂಡಿಗಳ ಹಿಂದೆ ಕೂತ. ಗಂಡು ಜಿಂಕೆಯೊಂದು ತಲೆ ತಗ್ಗಿಸಿ ಬಂತು. ಬಾಯಿಯ ಕೆಳಗೆ ಏನೋ ಜೋತಿತ್ತು. ಹೊಡೆದ. ನಿಂತಲ್ಲೇ ಕುಸಿಯಿತು.

ಹತ್ತಿರ ಹೋದರೆ ಜೋತಿದ್ದದ್ದು ಒಣಹುಲ್ಲು. ಕೊಬ್ಬಿದ ಪ್ರಾಣಿ. ನಂಬಲಾರದೆ ಬಾಯಿ ಬಿಡಿಸಿ ಬೆರಳಾಡಿಸಿದ. ದವಡೆ ಗಟ್ಟಿಯಾಗಿತ್ತು, ಹಲ್ಲು ಸಾಲಾಗಿದ್ದವು.

ಬೆರಳು ಇನ್ನೂ ಬಾಯೊಳಗಿರುವಾಗಲೇ ತೊಟ್ಟಿಯ ಆಚೆ ನೀರು ಸುರಿದ ಸದ್ದಾಯಿತು. ಒಮ್ಮೆ, ಮತ್ತೊಮ್ಮೆ. ಅದು ನಿಂತಿತ್ತು. ಪಕ್ಕೆಲುಬು ಎಣಿಸಬಹುದಿತ್ತು. ಮೂತಿ ಮುಳುಗಿಸಿ ಎತ್ತುತ್ತಿತ್ತು, ನೀರೆಲ್ಲ ವಾಪಸ್ ಬೀಳುತ್ತಿತ್ತು. ಕೋವಿಯ ಸದ್ದಿಗೂ ಓಡಿರಲಿಲ್ಲ. ಅವನನ್ನು ನೋಡಿ ಮತ್ತೆ ಮೂತಿ ಮುಳುಗಿಸಿತು.

ಎಲ್ಡನ್ ಕೋವಿ ಎತ್ತಿಕೊಂಡ.

ಜೊಲೀನ್ ಪಿಕಪ್ ಓಡಿಸಿಕೊಂಡು ಬಂದಳು. "ಎರಡು ಸದ್ದು ಕೇಳ್ತು."

"ಎರಡು ಹೊಡೆದೆ. ಬೇಟೆ ಇಲಾಖೆಗೆ ಫೋನ್ ಮಾಡು."

"ತಲೆ ಕೆಟ್ಟಿದೆಯಾ? ಕೋವಿ ಕಿತ್ಕೊಳ್ತಾರೆ. ಆ ಬಡಕಲನ್ನ ಹೂತುಬಿಟ್ರೆ ಆಯ್ತಲ್ಲ."

"ಮಾಡು, ಜೊಲೀನ್."

ಅವನು ಜೇಬಿನಿಂದ ಚೀಟಿ ತೆಗೆದು ಬಡಕಲು ಜಿಂಕೆಯ ಕೊಂಬಿಗೆ ಕಟ್ಟಿದ.

"ಅದರಲ್ಲಿ ಏನಿದೆ ತಿನ್ನೋಕೆ? ಕೊಬ್ಬಿದ್ದನ್ನ ಅವರು ಹೊತ್ಕೊಂಡು ಹೋಗ್ತಾರೆ."

"ಹೋಗ್ಲಿ. ನಂದು ಇದು."

ಅವಳು ಬೈದುಕೊಳ್ಳುತ್ತಲೇ ಫೋನ್ ತೆಗೆದಳು. ಎಲ್ಡನ್ ಮಂಡಿಯೂರಿ ಜೋತ ದವಡೆಯನ್ನೆತ್ತಿ ಮೇಲಿನದಕ್ಕೆ ಕೂಡಿಸಿದ. ಕೈ ಬಿಟ್ಟ ಕೂಡಲೇ ಬಿತ್ತು. ಮತ್ತೆ ಎತ್ತಿ, ಈ ಸಲ ಹಾಗೇ ಹಿಡಿದುಕೊಂಡು ಕೂತ.