ಹರಿನಾಥರ ಮಾತಿನ ಪಟ್ಟಿ

ಮಾವ ಹರಿನಾಥರು ದಿನಕ್ಕೆ ಎಷ್ಟು ಮಾತಾಡುತ್ತಾರೆಂದು ಮದುವೆಯಾದ ಹೊಸತರಲ್ಲಿ ಪೂಜಾಶ್ರೀ ಒಮ್ಮೆ ಎಣಿಸಿ ನೋಡಿದ್ದಳು. ಹದಿನೇಳು ಶಬ್ದ. ಅದರಲ್ಲಿ ಆರು ಬರೀ ‘ಹ್ಞೂಂ’. ಅವರನ್ನು ದೂರಿ ಪ್ರಯೋಜನವಿಲ್ಲ. ನಾಯ್ಮಾರ್ಮೂಲೆ ಪೇಟೆಯಲ್ಲಿ ನಲವತ್ತು ವರ್ಷ ವಾಚ್ ರಿಪೇರಿ ಮಾಡಿದ ಮನುಷ್ಯ. ಸಾಸಿವೆಗಿಂತ ಸಣ್ಣ ಸ್ಕ್ರೂಗಳನ್ನು ಮುಂದಿಟ್ಟುಕೊಂಡು ಹರಟಿದರೆ ಉಸಿರಿಗೇ ಅವು ಹಾರಿಹೋಗುತ್ತವೆ. ಅತ್ತೆ ದಮಯಂತಿ ಬದುಕಿದ್ದಷ್ಟು ಕಾಲ ಗಂಡನ ಪಾಲಿನದನ್ನೂ ತಾವೇ ಮಾತಾಡಿ ಮುಗಿಸುತ್ತಿದ್ದರು.

ಇಂಥವರ ಕೈಗೆ ಮಗುವನ್ನು ಒಪ್ಪಿಸಿ ಕೆಲಸಕ್ಕೆ ಹೋಗಬೇಕಾಗಿ ಬಂದಾಗ ಪೂಜಾಶ್ರೀಗೆ ಧೈರ್ಯ ಸಾಲಲಿಲ್ಲ. ಎರಡೂವರೆ ವರ್ಷದ ಶಾರ್ವಿಗೆ ಹುಟ್ಟಿನಿಂದಲೇ ಕಿವಿ ಕೇಳುತ್ತಿರಲಿಲ್ಲ. ಎಂಟು ತಿಂಗಳ ಹಿಂದೆ ಆಪರೇಷನ್ ಮಾಡಿಸಿ ಬಲಗಿವಿಯ ಹಿಂದೆ ಕೇಳಿಸುವ ಮೆಷಿನು ಕೂರಿಸಿದ್ದರು. ಈಗ ಸದ್ದು ಕೇಳುತ್ತದೆ, ಕರೆದರೆ ತಿರುಗುತ್ತಾಳೆ. ಆದರೆ ಬಾಯಿಂದ ಒಂದು ಶಬ್ದ ಬಂದಿಲ್ಲ.

“ಮಗು ಎಚ್ಚರ ಇರುವಷ್ಟು ಹೊತ್ತೂ ಮಾತು ಕಿವಿಗೆ ಬೀಳ್ತಾ ಇರಬೇಕು” ಎಂದು ಮಾತು ಕಲಿಸುವ ಥೆರಪಿಯ ರೆಶ್ಮಾ ಟೀಚರ್ ಹೇಳಿದ್ದರು. “ಮೀಯಿಸುವಾಗ, ಉಣ್ಣಿಸುವಾಗ, ಬಟ್ಟೆ ಮಡಚುವಾಗ. ಮೊದಲು ಹೇಳಿ, ಆಮೇಲೆ ತೋರಿಸಿ. ಈ ಒಂದೆರಡು ವರ್ಷ ಹೋದರೆ ವಾಪಸು ಬರುವುದಿಲ್ಲ. ಮನೆಯಲ್ಲಿ ಸುಮ್ಮನೆ ಕಳೆದ ಒಂದೊಂದು ದಿನವೂ ನಷ್ಟ.”

ಗಂಡ ಜಿತೇಂದ್ರ ಮಸ್ಕತ್‌ನಲ್ಲಿ. ಅಂಗನವಾಡಿಗೆ ಸೇರಿಸಲು ಮೂರು ವರ್ಷ ತುಂಬಬೇಕು. ಅವಳು ಕೆಲಸ ಮಾಡುವ ಸೀತಾಂಗೋಳಿಯ ಕಂಪೆನಿಯವರು ಇನ್ನು ರಜೆ ಕೊಡಲಾಗದು ಎಂದಿದ್ದರು. ಬೇರೆ ದಾರಿ ಕಾಣದೆ ಅವಳು ಮಾವನ ಮುಂದೆ ನಿಂತಳು.

“ಮಾವ, ದಿನವಿಡೀ ಮಾತಾಡಬೇಕು. ನಿಮ್ಮಿಂದ ಆಗ್ತದಾ?”

“ಟೀಚರ್ ಹೇಳಿದ್ದನ್ನು ಬರೆದು ಕೊಡು” ಎಂದರು ಹರಿನಾಥರು. ನಾಲ್ಕು ಶಬ್ದ. ಪೂಜಾಶ್ರೀ ರಾತ್ರಿಯೇ ಬರೆದು ಕೊಟ್ಟಳು.

ಮರುದಿನ ಬೆಳಿಗ್ಗೆ ಅಡುಗೆಕೋಣೆಯ ಗೋಡೆಯಲ್ಲಿ ಕಳೆದ ವರ್ಷದ ಕ್ಯಾಲೆಂಡರಿನ ಹಾಳೆಯೊಂದು ಬೆನ್ನು ತೋರಿಸಿಕೊಂಡು ನೇತಾಡುತ್ತಿತ್ತು. ಅದರ ಮೇಲೆ ಇರುವೆ ಸಾಲಿನಂಥ ಅಕ್ಷರ. ‘ಏಳೂವರೆ, ಹಲ್ಲುಜ್ಜುವುದು: ಬ್ರಶ್ ಎಲ್ಲಿ ಉಂಟು? ಇಗೋ ಬ್ರಶ್. ನೀರು ಬಂತು. ಎಂಟೂಕಾಲು, ದೋಸೆ: ಕಾವಲಿ ಬಿಸಿ. ಹಿಟ್ಟು ಹೊಯ್ಯುವ. ಚುಂಯ್ ಹೇಳಿತು, ಕೇಳಿತಾ?’ ಹೀಗೆ ರಾತ್ರಿ ಮಲಗಿಸುವವರೆಗೆ. ಬಾಯಿಗೆ ತಾನಾಗಿ ಮಾತು ಬಾರದ ಮನುಷ್ಯ ಇಡೀ ದಿನದ ಮಾತನ್ನು ಮೊದಲೇ ಬರೆದಿಟ್ಟಿದ್ದರು!

ಮೊದಲ ವಾರ ಅವರು ಅದನ್ನು ಪಂಚಾಯತ್ ಮೀಟಿಂಗಿನ ವರದಿಯಂತೆ ಓದಿದರು. ಶಾರ್ವಿ ಅರ್ಧದಲ್ಲೇ ಎದ್ದು ಹೋಗುತ್ತಿದ್ದಳು. ಹರಿನಾಥರು ಹಾಳೆ ಹಿಡಿದುಕೊಂಡು, ಓದುತ್ತಲೇ ಅವಳ ಹಿಂದೆ ಅಂಗಳಕ್ಕಿಳಿಯುತ್ತಿದ್ದರು. ತೆಂಗಿನಕಾಯಿ ಕೀಳಲು ಬಂದ ಕೂಸಪ್ಪ ಸಂಜೆ ಪೂಜಾಶ್ರೀಯನ್ನು ಗೇಟಿನಲ್ಲೇ ತಡೆದ.

“ಎಂತ ಮಾರಾಯ್ತಿ, ನಿಮ್ಮ ಮಾವ ಹುಷಾರಿದ್ದಾರಾ? ಬೆಳಿಗ್ಗೆಯಿಂದ ಬಾಳೆಗೊನೆಯ ಹೆಸರು ಹೇಳಿ ಹೇಳಿ ಮಗುವಿಗೆ ತೋರಿಸ್ತಾ ಇದ್ದರು. ನಾನು ಮರದ ಮೇಲಿಂದ ಎಲ್ಲ ಕೇಳಿದೆ.”

ಹುಷಾರಿದ್ದರು. ಗಂಟಲು ಮಾತ್ರ ಕೆಟ್ಟಿತ್ತು. ಜೀರಿಗೆ ನೀರು ಕುಡಿದು ಮಾರನೆಯ ದಿನದ ಹಾಳೆ ಬರೆಯಲು ಕೂರುತ್ತಿದ್ದರು. ಆ ಹಟ ನೋಡಿ ಪೂಜಾಶ್ರೀಗೆ ನಗುವೂ ಬರುತ್ತಿತ್ತು, ಕಾಲಿಗೆ ಬೀಳೋಣವೆಂದೂ ಅನಿಸುತ್ತಿತ್ತು. ಎರಡು ತಿಂಗಳಲ್ಲಿ ಹಾಳೆಯ ಅಂಚಿನಲ್ಲಿ ಟಿಪ್ಪಣಿಗಳು ಮೂಡಿದವು. ‘ಸಣ್ಣ ಸ್ವರದ ಸ, ಶ ಕೇಳುವುದು ಕಷ್ಟ. ಬಲಗಡೆ ಕೂತು ಹೇಳಬೇಕು. ಫ್ಯಾನ್ ಹಾಕಿದರೆ, ಕರೆದಾಗ ತಿರುಗುವುದಿಲ್ಲ.’ ವಾಚನ್ನು ಕಿವಿಗಿಟ್ಟು ಅದರ ಕಾಯಿಲೆ ಹೇಳುತ್ತಿದ್ದ ಮನುಷ್ಯ ಈಗ ಮೊಮ್ಮಗಳಿಗೆ ಯಾವುದು ಕೇಳುತ್ತದೆ, ಯಾವುದು ಇಲ್ಲ ಎಂದು ಅಷ್ಟೇ ಜಾಗ್ರತೆಯಿಂದ ನೋಡುತ್ತಿದ್ದರು. ರೆಶ್ಮಾ ಟೀಚರ್ ಹಾಳೆಗಳ ಫೋಟೊ ತೆಗೆದುಕೊಂಡು, “ಬೇರೆ ಅಮ್ಮಂದಿರಿಗೂ ತೋರಿಸ್ತೇನೆ” ಎಂದರು. ಪೂಜಾಶ್ರೀಗೆ ಮಾವನ ಬಗ್ಗೆ ಹೆಮ್ಮೆ ಉಕ್ಕಿತು. ಆದರೂ ಶಾರ್ವಿಯ ಬಾಯಿಂದ ಒಂದು ಶಬ್ದ ಬರಲಿಲ್ಲ. ಮೂರು ತುಂಬಲು ನಾಲ್ಕೇ ತಿಂಗಳು ಉಳಿದಿದ್ದವು.

ಒಂದು ಶನಿವಾರ ಕರೆಂಟು ಕೈಕೊಟ್ಟು ಕಂಪೆನಿ ಮಧ್ಯಾಹ್ನವೇ ಬಿಟ್ಟಿತು. ಪೂಜಾಶ್ರೀ ಮಧೂರಿನಲ್ಲಿ ಬಸ್ಸಿಳಿದು ಮನೆಯ ಮೆಟ್ಟಿಲೇರುವಾಗ ಒಳಗಿನಿಂದ ಮಾತು ಹರಿದು ಬರುತ್ತಿತ್ತು. ಯಾರೋ ನೆಂಟರು ಬಂದಿರಬೇಕೆಂದುಕೊಂಡು ಕಿಟಕಿಯಲ್ಲಿ ಇಣುಕಿದಳು. ಮಾವ ಒಣಗಿದ ಬಟ್ಟೆಯ ರಾಶಿಯ ಮುಂದೆ ಕೂತಿದ್ದರು, ಎದುರಿಗೆ ಶಾರ್ವಿ. ಕೈಯಲ್ಲಿ ಹಾಳೆ ಇರಲಿಲ್ಲ.

“…ಮತ್ತೆ ಅಜ್ಜ ಆ ಗೋಡೆ ಗಡಿಯಾರ ಮನೆಗೆ ತಂದ. ಮತ್ತೆ ಅದು ಢಣ್ ಢಣ್ ಅಂತ ಹೊಡೆಯಿತು. ಪಕ್ಕದ ಮನೆಯ ನಾಯಿ ಸಹ ಎದ್ದಿತು. ನೀನು ತೊಟ್ಟಿಲಲ್ಲಿ ಇದ್ದಿ, ಇಷ್ಟು ಸಣ್ಣ. ಕಣ್ಣು ಸಹ ಅಲುಗಿಸಲಿಲ್ಲ. ಮತ್ತೆ ಅಜ್ಜ ಎಂತ ಹೇಳಿದ ಗೊತ್ತುಂಟಾ? ಎಷ್ಟು ಒಳ್ಳೆಯ ಮಗು, ಎಷ್ಟು ಚಂದ ನಿದ್ದೆ ಮಾಡ್ತದೆ ಅಂತ ಹೇಳಿದ. ವಾಚಿನ ಸದ್ದಲ್ಲಿ ಕೂದಲೆಳೆ ವ್ಯತ್ಯಾಸ ಆದರೂ ಹಿಡಿಯುವವ ನಾನು. ನನಗೇ ಗೊತ್ತಾಗಲಿಲ್ಲ, ಪುಟ್ಟಿ. ಒಂದು ವರ್ಷ ಹಾಗೇ ಹೋಯಿತು…”

ಅಲ್ಲಿಗೆ ಮಾತು ನಿಂತಿತು. ಹರಿನಾಥರು ಮಡಚುತ್ತಿದ್ದ ಪುಟ್ಟ ಲಂಗವನ್ನು ಮುಖಕ್ಕೆ ಒತ್ತಿಕೊಂಡರು. ಇಷ್ಟು ದಿನ ಈ ಭಾರ ಇವರೊಬ್ಬರೇ ಹೊತ್ತಿದ್ದರೇ! ಒಳಗೆ ಹೋಗಿ ಸಮಾಧಾನ ಹೇಳಬೇಕೆಂದು ಪೂಜಾಶ್ರೀ ಚಪ್ಪಲಿ ಕಳಚಿದಳು.

ಶಾರ್ವಿ ಸ್ವಲ್ಪ ಹೊತ್ತು ಕಾದಳು. ಆಮೇಲೆ ಅಜ್ಜನ ಮೊಣಕಾಲು ಹಿಡಿದು ಅಲುಗಿಸಿದಳು.

“ಮತ್ತೆ?”

ಹರಿನಾಥರು ಲಂಗ ಕೆಳಗಿಳಿಸಿ ಮಗುವಿನ ಬಾಯಿಯನ್ನೇ ನೋಡಿದರು. ಹೊರಗೆ ಪೂಜಾಶ್ರೀ ಕಿಟಕಿಯ ಸರಳು ಹಿಡಿದುಕೊಂಡಳು.

“ಮತ್ತೆ?” ಶಾರ್ವಿ ಇನ್ನೊಮ್ಮೆ ಕೇಳಿದಳು, ಈ ಸಲ ಜೋರಾಗಿ.

ಹರಿನಾಥರು ಅವಳನ್ನು ಎತ್ತಿ, ಬಲಗಿವಿ ತಮ್ಮ ಕಡೆಗಿರುವಂತೆ ತೊಡೆಯ ಮೇಲೆ ಕೂರಿಸಿಕೊಂಡರು. ಕಣ್ಣೀರು ಗಡ್ಡಕ್ಕಿಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

“ಮತ್ತೆ,” ಎಂದರು, “ಅಜ್ಜ ಮಾತಾಡ್ಲಿಕ್ಕೆ ಕಲಿತ.”