ದವಾಖಾನೆಯಲ್ಲಿ ಮೊದಲ ತುತ್ತು

ಜಂಬಣ್ಣ ಬದುಕಿರುವ ತನಕ ಅವನ ವಂಶದ ಮದುವೆಗಳಲ್ಲಿ ಮೊದಲ ತುತ್ತು ಅವನದೇ. ಮಾನ್ವಿ ತಾಲೂಕಿನ ಕಲ್ಲೂರಿನ ಆ ಕುರುಬರ ಮನೆತನದಲ್ಲಿ ಅದು ಮುತ್ತಜ್ಜನ ಕಾಲದ ಕಟ್ಟಳೆ. ಹಿರಿಯ ನುಂಗಿದ ಮೇಲೆಯೇ ಪಂಕ್ತಿ ಎಲೆಗೆ ಕೈ ಹಾಕಬೇಕು. ಅವನಿರುವಾಗ ಬೇರೆ ಯಾರಾದರೂ ಆ ತುತ್ತು ಎತ್ತಿದರೆ, ಹಿರಿಯನನ್ನು ಸತ್ತವರ ಸಾಲಿಗೆ ಸೇರಿಸಿದಂತೆ.

ಈ ಸಲ ತೊಡಕಾಯಿತು. ಹುಣ್ಣಿನಿಂದ ಕೆಟ್ಟಿದ್ದ ಅವನ ಜಠರದ ಒಂದು ಭಾಗವನ್ನು ರಾಯಚೂರಿನ ದವಾಖಾನೆಯಲ್ಲಿ ಕತ್ತರಿಸಿ ತೆಗೆದು, ಉಳಿದದ್ದನ್ನು ಕರುಳಿಗೆ ಹೊಲಿದಿದ್ದರು. ಹೊಲಿಗೆ ಒಂದು ಕಡೆ ಬಿಟ್ಟಿತು. ಕುಡಿದದ್ದೆಲ್ಲ ಪಕ್ಕೆಯಲ್ಲಿಟ್ಟ ರಬ್ಬರ್ ನಳಿಕೆಯಿಂದ ಮಂಚದ ಕೆಳಗಿನ ಬಾಟಲಿಗೆ ಇಳಿಯತೊಡಗಿತು. ಅಂದಿನಿಂದ ಬಾಯಿಗೆ ಬೀಗ. ಹಾಲು, ಗಂಜಿನೀರು ಎಲ್ಲ ನೇರ ಕರುಳಿಗೇ ಹಾಕಿದ ಇನ್ನೊಂದು ನಳಿಕೆಯಲ್ಲಿ. ನಾಲಿಗೆಗೆ ಕೆಲಸ ತಪ್ಪಿದ ಮೇಲೆ ಮಾತೂ ತಾನಾಗಿ ಕಡಿಮೆಯಾಯಿತು. ಉಣ್ಣುವುದಕ್ಕೂ ಆಡುವುದಕ್ಕೂ ಒಂದೇ ಬಾಗಿಲು ಇಟ್ಟವನು ಏನು ಯೋಚಿಸಿದ್ದನೋ ಎಂದು ಜಂಬಣ್ಣ ಮೇಲಿನ ಫ್ಯಾನು ನೋಡುತ್ತ ಮಲಗಿರುತ್ತಿದ್ದ.

ಡಾಕ್ಟರ್ ಅಬ್ದುಲ್ ವಹೀದರು ಹೈದರಾಬಾದಿನಲ್ಲಿ ಹೊಸದಾಗಿ ಕಲಿತು ಬಂದ ವಿದ್ಯೆಯನ್ನು ಅವನ ಮೇಲೆ ನಡೆಸಿದರು. ತುದಿಯಲ್ಲಿ ದೀಪವಿದ್ದ, ಕರಿ ಹಾವಿನಂಥ ಕೊಳವೆಯನ್ನು ಬಾಯಿಂದ ಇಳಿಸಿ, ಬಿಟ್ಟ ಹೊಲಿಗೆಯನ್ನು ಕಣ್ಣಾರೆ ಕಂಡು, ರಕ್ತದ ಸಾರದಿಂದ ಮಾಡಿದ ಅಂಟನ್ನು ಆ ಕೊಳವೆಯೊಳಗಿನಿಂದಲೇ ತೂತಿಗೆ ತುಂಬಿದರು. ಅಂಟು ಹಿಡಿದಿದೆಯೇ ಎಂದು ತಿಳಿಯಲು ನೀಲಿ ನೀರು ಕುಡಿಸಿ ನೋಡಬೇಕು. ಬಾಟಲಿಗೆ ನೀಲಿ ಇಳಿದರೆ ಮತ್ತೆ ಹೊಟ್ಟೆ ಕೊಯ್ಯಬೇಕು. ಕೊಯ್ದರೆ ಈ ಮೈ ತಡೆಯಲಾರದು. ಇದನ್ನು ಅವರು ಜಂಬಣ್ಣನ ಹೆಂಡತಿ ಬೂದೆಮ್ಮನಿಗೆ ಮುಚ್ಚುಮರೆಯಿಲ್ಲದೆ ಹೇಳಿದ್ದರು.

ಆ ಪರೀಕ್ಷೆಯ ದಿನವೇ ದೇವದುರ್ಗದಲ್ಲಿ ಜಂಬಣ್ಣನ ತಮ್ಮನ ಮಗ ಕನಕರಾಯನ ಮದುವೆ. ಅಕ್ಷತೆ ಬಿತ್ತು, ಎಲೆ ಬಿತ್ತು. ಹುಗ್ಗಿಯ ಹಂಡೆಯ ಮುಚ್ಚಳ ಮಾತ್ರ ಯಾರೂ ತೆಗೆಯಲಿಲ್ಲ. ಹಿರಿಯನ ತುತ್ತಿಲ್ಲವಲ್ಲ! ಕೊನೆಗೆ ಬೀಗರು, ಹಂಡೆ, ಬಾಜಾದವರು, ಮದುಮಕ್ಕಳು ಎಲ್ಲ ಒಂದೇ ಲಾರಿ ಹತ್ತಿ ರಾಯಚೂರಿಗೆ ಬಂದು, ದವಾಖಾನೆಯ ಅಂಗಳದ ಬೇವಿನ ಕೆಳಗೆ ಸಾಲಾಗಿ ಕೂತು ಎಲೆ ಹಾಸಿಕೊಂಡರು.

ಹೆಣ್ಣಿನ ತಂದೆ ಯಂಕೋಬ ಎಲೆಯಲ್ಲಿ ಹುಗ್ಗಿ ಹಿಡಿದು ವಾರ್ಡಿಗೆ ನುಗ್ಗಿದ.

“ಬೀಗರ, ಒಂದ ತುತ್ತು. ಕಡ್ಲಿಕಾಳಷ್ಟು. ನುಂಗಿಬಿಡ್ರಿ. ಮುಂಜಾನಿಂದ ಊರಿಗೆ ಊರೇ ಉಪಾಸ ಅದ.”

“ನುಂಗಿದ್ರ ಸಾಯ್ತಾನ,” ಬೂದೆಮ್ಮ ಅಡ್ಡ ನಿಂತಳು.

“ಸಾಯೋದು ಆಮ್ಯಾಲಿನ ಮಾತು ಬಿಡಬೇ. ನುಂಗೋತನಾ ಇದ್ರ ಸಾಕು,” ಎಂದ ಯಂಕೋಬ, ತನ್ನ ಮಾತು ತನಗೇ ಕೇಳಿಸಿ ನಾಲಿಗೆ ಕಚ್ಚಿಕೊಂಡ.

“ನಳಿಗ್ಯಾಗ ಹಾಲು ಹಾಕೀವಲ್ಲ, ಅದನ್ನ ತುತ್ತು ಅನ್ಕೊರ್ರಿ.”

“ಅದು ಎಂಜಿನ್ನಿಗೆ ಡೀಜಲ್ ಹಾಕಿದಂಗ ಆತು. ನಾಲಿಗಿ ಮ್ಯಾಲ ಹಾಯಬೇಕು.”

“ಹಂಗಾದ್ರ ಅಗದು ಉಗುಳ್ಲಿ.”

“ಹಿರಿಯಾ ಉಗುಳಿದ್ದರ ಮ್ಯಾಲ ನಾವು ಉಣ್ಣಬೇಕೇನು? ನಾವೇನು ದಾರಿಗೆ ಬಿದ್ದವರಾ?”

ಎಲ್ಲರೂ ಜಂಬಣ್ಣನ ಬಾಯಿಯನ್ನೇ ನೋಡುತ್ತಿದ್ದರು, ಕಣ್ಣನ್ನು ಯಾರೂ ನೋಡಲಿಲ್ಲ. ಬೆಲ್ಲ, ಏಲಕ್ಕಿಯ ವಾಸನೆ ಮೂಗಿಗೆ ಬಂತು. ಬಹಳ ದಿನಗಳ ಮೇಲೆ ಅವನು ಬಾಯಿ ತೆರೆದ.

“ಬ್ಯಾರೆದವರು ಯಾರಾರ ಎತ್ರಿ, ತುತ್ತು.”

ಬೂದೆಮ್ಮನ ಕೈ ತಾಳಿಗೆ ಹೋಯಿತು.

“ನೀ ಇನ್ನಾ ಅದೀ,” ಎಂದಳು, ಬೈಯುವ ದನಿಯಲ್ಲಿ.

ಅಷ್ಟರಲ್ಲಿ ಡಾಕ್ಟರು ನೀಲಿ ನೀರಿನ ಬಟ್ಟಲು ಹಿಡಿದು ಬಂದರು.

“ಇದೇನು ದವಾಖಾನಿನೋ, ಛತ್ರನೋ? ಹುಗ್ಗಿ ತಗೊಂಡು ನಡೀರಿ ಹೊರಗ. ಇವತ್ತ ಇವರ ಬಾಯಾಗ ಹೋಗೋದು ಇದೊಂದ.”

ಯಂಕೋಬ ಬಟ್ಟಲಿಗೆ ಬಗ್ಗಿ ನೋಡಿದ. “ಇದನ್ನ ನುಂಗ್ತಾರೇನ್ರಿ ಸಾಹೇಬ್ರ?”

“ನುಂಗಲೇಬೇಕು.”

“ನಾಲಿಗಿ ಮ್ಯಾಲ ಹಾದು?”

“ಮತ್ತ ಕಿವ್ಯಾಗ ಹುಯ್ಯಲೇನಪಾ?”

ಜಂಬಣ್ಣ ಬಟ್ಟಲು ಎತ್ತಿದ. ಗಂಟಲು ತನ್ನ ಹಳೆಯ ಕೆಲಸವನ್ನು ತಡವರಿಸಿ ನೆನಪಿಸಿಕೊಂಡಿತು. ಗುಟುಕು ಇಳಿಯುವಷ್ಟರಲ್ಲೇ ಯಂಕೋಬ ಕಿಟಕಿಯಲ್ಲಿದ್ದ.

“ನುಂಗಿದ್ರೂ! ಬಡಸ್ರಲೇ!”

ಬಾಜಾ ಒಮ್ಮೆ ಭೋರ್ಗರೆದು ನಿಂತಿತು. ಊದುವವರಿಗೂ ಹಸಿವಾಗಿತ್ತು. ಯಂಕೋಬನೂ ಓಡಿದ. ಆಮೇಲೆ ಹೊರಗೆ ಮೌನ, ಹತ್ತಾರು ಬಾಯಿ ತುಂಬಿದ ಮೌನ. ಒಳಗೆ ಇನ್ನೊಂದು ಮೌನ. ಡಾಕ್ಟರು ಮಂಚದ ಅಂಚಿಗೆ ಕೂತರು, ಬೂದೆಮ್ಮ ನೆಲಕ್ಕೆ ಕೂತು ಬಾಟಲಿಯ ಮೇಲೆ ಕಣ್ಣಿಟ್ಟಳು. ಹನಿ ಬಿತ್ತು, ಹಳದಿ. ತಡೆದು ಇನ್ನೊಂದು, ಅದೂ ಹಳದಿ. ಹನಿ ಹನಿಯ ನಡುವೆ ಜಂಬಣ್ಣನಿಗೆ ತನ್ನ ಆಯುಷ್ಯವೆಲ್ಲ ಆ ನಳಿಕೆಯಲ್ಲಿ ಸಿಕ್ಕಿಕೊಂಡಂತೆ ಅನ್ನಿಸಿತು.

ಬೇವಿನ ನೆರಳು ಗೋಡೆಗೆ ಬಂದಾಗ ಡಾಕ್ಟರು ಎದ್ದರು. “ಅಂಟು ಹಿಡದದ. ತೂತು ಮುಚ್ಚೇದ. ನಾಳಿಂದ ಚಮಚಾಲೆ ನೀರು. ಆಮ್ಯಾಲ ಗಂಜಿ.”

ಬೂದೆಮ್ಮ ಕಿಟಕಿಗೆ ಓಡಿ ಕೂಗಿದಳು. “ನೀಲಿ ಬರಲಿಲ್ಲೋ! ಉಳಕೊಂಡಾನೋ!”

ಒಬ್ಬರೂ ತಲೆ ಎತ್ತಲಿಲ್ಲ. ಸಾಲಿನ ಕೊನೆಯಲ್ಲಿ ಒಂದು ಕೈ ಮೇಲಕ್ಕೆದ್ದು ಸಾರು ಕೇಳಿತು.

ಜಂಬಣ್ಣ ನಕ್ಕ. ನಾಲಿಗೆ, ಹಲ್ಲು ಎಲ್ಲ ನೀಲಿ. “ನನಗ ಒಂದೀಟು ಹುಗ್ಗಿ ತೆಗದಿಡು ಅನ್ನು. ಇನ್ನಾ ಅದ ಹೌದಿಲ್ಲ?”

ಬೂದೆಮ್ಮ ಕೆಳಗೆ ನೋಡಿದಳು. ಯಂಕೋಬ ಹಂಡೆಯನ್ನು ಬೋರಲು ಹಾಕಿ ತಳ ತಟ್ಟುತ್ತಿದ್ದ.

“ಅದ,” ಎಂದಳು. “ಬೇಕಾದಷ್ಟದ.”