ಎರವಲು ತೊಟ್ಟಿಲು

“ಮನೆ ತೋರ್ಸೋದು ಅಂದ್ರೆ ಹೆಣ್ಣು ತೋರ್ಸಿದಂಗೆ ಕಣ್ರಮ್ಮ. ಮುಖ ತೊಳ್ದು, ಹೂ ಮುಡಿಸಿ ಕೂರಿಸ್ಬೇಕು,” ಎಂದಿದ್ದ ದಲ್ಲಾಳಿ ಹನುಮಂತಯ್ಯ.

ಅವನು ಹೇಳಿದ್ದನ್ನೆಲ್ಲ ಶಿವರುದ್ರಮ್ಮ ಮಾಡಿದಳು. ಗೋಡೆಗೆ ಸುಣ್ಣ ಹೊಡೆಸಿ ಬುಡಕ್ಕೆ ಕೆಮ್ಮಣ್ಣಿನ ಪಟ್ಟಿ ಬಳಿದಳು. ಅಟ್ಟದಲ್ಲಿ ಕೊಬ್ಬರಿಗೆ ಬಿಟ್ಟಿದ್ದ ಕಾಯನ್ನು ಒಂದು ಮೂಲೆಗೆ ಒತ್ತರಿಸಿದಳು. ಹಿಂದಿನ ಬೀದಿಯ ಮನೆ ಹೀಗೆ ಸಿಂಗಾರ ಮಾಡಿದ ಮೇಲೇ ಒಂದು ವಾರದಲ್ಲಿ ಹೋಯಿತು, ಅದೂ ಕೇಳಿದ ಬೆಲೆಗೆ, ಎಂದು ಹನುಮಂತಯ್ಯ ಆಣೆಯಿಟ್ಟಿದ್ದ.

ಆದರೆ ಸುಣ್ಣ ಮುಚ್ಚುವಂಥದಲ್ಲ ಆ ಮನೆಯ ಕೊರತೆ. ಯುಗಾದಿಯಿಂದ ಮೂರು ಸಂಸಾರದವರು ಬಂದು ನೋಡಿದ್ದರು, ಮೆಚ್ಚಿ ಕಾಫಿ ಕುಡಿದಿದ್ದರು, ಪಕ್ಕದ ಬೀದಿಯಲ್ಲಿ ವಿಚಾರಿಸಿದ್ದರು, ಮತ್ತೆ ಬಂದಿರಲಿಲ್ಲ. ತುರುವೇಕೆರೆಯಲ್ಲಿ ಅದಕ್ಕೆ ಮಕ್ಕಳಾಗದ ಮನೆ ಎಂದು ಹೆಸರು. ದೀಪಾವಳಿಯೊಳಗೆ ಮಾರಾಟವಾಗದಿದ್ದರೆ ಗಂಡ ಹಾಲಸ್ವಾಮಿ ತಿಪಟೂರಿನಲ್ಲಿ ನೋಡಿಟ್ಟಿದ್ದ ಕೊಬ್ಬರಿ ಮಂಡಿ ಬೇರೆಯವರ ಪಾಲಾಗುತ್ತಿತ್ತು. ಮಂಡಿಯ ಹಿಂದೆ ಎರಡು ಕೋಣೆಗಳಿದ್ದವು. ಆ ಬೀದಿಯಲ್ಲಿ ಅವಳನ್ನು ಬಲ್ಲವರು ಯಾರೂ ಇರಲಿಲ್ಲ. ಅವಳಿಗೆ ಬೇಕಾಗಿದ್ದುದು ಅಷ್ಟೇ. ಬೇಕು ಎನ್ನುವಷ್ಟು ಕಸುವು ಇನ್ನೂ ಉಳಿದಿದ್ದರೆ.

ಅಮ್ಮಸಂದ್ರದಿಂದ ನಾಲ್ಕನೆಯವರು ಬರುವ ಬೆಳಿಗ್ಗೆ ಹನುಮಂತಯ್ಯ ಎದುರುಮನೆ ಬೋರಮ್ಮನ ತೊಟ್ಟಿಲು ಹೊತ್ತು ತಂದ. ಹಿಂದೆಯೇ ಬೋರಮ್ಮನೂ ಬಂದಳು.

“ಹೆಣ್ಣು ತೋರ್ಸಿದಂಗೆ ಅಂದೆ. ಯಾವ ಊರಲ್ಲಯ್ಯ ಹೆಣ್ಣನ್ನ ತೊಟ್ಟಿಲ ಸಮೇತ ತೋರ್ಸೋದು?”

“ನೀನು ಸುಮ್ಕಿರವ್ವ. ದಿನ ಚೆನ್ನಾಗೈತೆ. ಒಪ್ಪಿದ್ರೆ ಇಲ್ಲೇ ವೀಳ್ಯ ಹಿಡಿಸ್ಬುಡ್ತೀನಿ. ಬೀದೀಲಿ ವಿಚಾರ್ಸಾಕೆ ಬುಟ್ರೆ ತಾನೆ?”

ನಡುಮನೆಯ ತೊಲೆಯಲ್ಲಿ ಎರಡು ಕಬ್ಬಿಣದ ಬಳೆಗಳಿದ್ದವು. ಮನೆ ಕಟ್ಟಿಸುವಾಗ ಮಾವ ತೊಟ್ಟಿಲಿಗೆಂದೇ ಹಾಕಿಸಿದ್ದು. ಇಪ್ಪತ್ತೆರಡು ವರ್ಷ ಶಿವರುದ್ರಮ್ಮ ಅವಕ್ಕೆ ಬಾಳೆಗೊನೆ ತೂಗುಹಾಕಿದ್ದಳು. ಈಗ ತೊಟ್ಟಿಲು ಏರಿತು. ಹಿತ್ತಿಲ ಹಗ್ಗದ ಮೇಲೆ ಬೋರಮ್ಮನ ಮೊಮ್ಮಕ್ಕಳ ಅಂಗಿಗಳು ಬಂದವು. ಕೊನೆಗೆ ಹನುಮಂತಯ್ಯ ಇದ್ದಿಲು ತೆಗೆದುಕೊಂಡು, ಮಗುವಿನ ಎತ್ತರಕ್ಕೆ ಕುಕ್ಕುರುಗಾಲಲ್ಲಿ ಕೂತು, ಹೊಸ ಸುಣ್ಣದ ಮೇಲೆ ಸೊಟ್ಟ ಹಕ್ಕಿಯೊಂದನ್ನು ಗೀಚಿದ.

“ಕೇಳುದ್ರೆ ಎಲ್ಡು ಅನ್ನಿ. ಸೋದರತ್ತೆ ಮನೆಗೆ ಹೋಗವ್ರೆ ಅನ್ನಿ.”

ಹಾಲಸ್ವಾಮಿ ತೊಟ್ಟಿಲನ್ನು ಬಳಸಿಕೊಂಡು ಜಗಲಿಗೆ ಹೋಗಿ ಕೂತ. ಶಿವರುದ್ರಮ್ಮ ಹಕ್ಕಿಯನ್ನು ನೋಡಿದಳು. ಅಳು ಬರಬಹುದೆಂದು ಸ್ವಲ್ಪ ಹೊತ್ತು ನಿಂತಳು. ಬರಲಿಲ್ಲ. ಹಾಲು ಕಾಯಿಸಲು ಹೋದಳು.

ಬಸ್ಸಿಳಿದು ಬಂದವರು ಅತ್ತೆ, ಮಗ, ಸೊಸೆ. ಅತ್ತೆ ಸಿದ್ದಗಂಗಮ್ಮನೇ ಯಜಮಾನಿ ಎಂದು ಅವರು ಹೊಸ್ತಿಲು ದಾಟಿದ ರೀತಿಯಲ್ಲೇ ತಿಳಿಯುತ್ತಿತ್ತು. ನಡುಮನೆಗೆ ಬಂದವರೇ ತೊಟ್ಟಿಲಿನ ಮುಂದೆ ನಿಂತುಬಿಟ್ಟರು.

“ಎಷ್ಟವ್ವ ಮಕ್ಕಳು?”

“ಎರಡು. ಸೋದರತ್ತೆ ಮನೆಗೆ ಹೋಗವೆ.” ಮಾತು ಸಲೀಸಾಗಿ ಬಂತು, ಕಾಯಿಯ ಬೆಲೆ ಹೇಳಿದಂತೆ.

“ತಂಪಾದ ಮನೆ ಕಣೋ,” ಎಂದು ಸಿದ್ದಗಂಗಮ್ಮ ಮಗನತ್ತ ತಿರುಗಿದರು. ಆಮೇಲೆ ಸೊಸೆಯತ್ತ ಕಣ್ಣು ಹಾಯಿಸಿ, “ನಮ್ಮನೇಲೂ ಒಂದೈತೆ, ಆರು ವರ್ಷದಿಂದ ಉಂಡ್ಕೊಂಡು.”

ಸೊಸೆ ಗಿರಿಜಾ ನೀರಿನ ನೆಪ ಮಾಡಿ ಅಡುಗೆಮನೆಗೆ ಬಂದಳು. ಕೊರಳಲ್ಲಿ ಮೂರು ತಾಯಿತ. ನೀರು ಕುಡಿಯದೆ ಚೊಂಬು ಹಿಡಿದೇ ನಿಂತು ಕೇಳಿದಳು: “ನಿಮಗೆ ಎಷ್ಟು ವರ್ಷಕ್ಕಾಯ್ತಕ್ಕ, ಮೊದಲ್ನೇದು?”

ಕಲಿಸಿದ ಉತ್ತರದಲ್ಲಿ ಇದು ಇರಲಿಲ್ಲ. ಎರಡು ವರ್ಷ ಎನ್ನಬಹುದಿತ್ತು. ಹುಡುಗಿ ಆಸೆಗಣ್ಣಿಂದ ನೋಡುತ್ತಿದ್ದಳು. ಈ ಸೂರಿನ ಕೆಳಗೆ ಬಂದರೆ ತನಗೂ ಆಗುತ್ತದೆಂದು ತಿಂಗಳು ತಿಂಗಳು ಕಾಯುವವಳು. ಶಿವರುದ್ರಮ್ಮ ಒಲೆಯಿಂದ ಹಾಲು ಇಳಿಸಿದಳು.

“ಆಗ್ಲಿಲ್ಲ ಕಣಮ್ಮ. ತೊಟ್ಟಿಲು ಎದುರುಮನೇದು. ಇದಕ್ಕೆ ಮಕ್ಕಳಾಗದ ಮನೆ ಅಂತ ಹೆಸರು. ಬಾಗಿಲ ದಿಕ್ಕು ಸರಿಯಿಲ್ಲ, ದೋಷ ಮನೇದು ಅಂತ ಶಾಸ್ತ್ರ ಹೇಳೋರು ಹೇಳವ್ರೆ.”

ಮಂಡಿ ಹೋಯಿತು ಎಂದುಕೊಂಡಳು. ಎದೆ ಹೊಡೆದುಕೊಳ್ಳಲಿಲ್ಲ.

ಗಿರಿಜಾ ಬಾಗಿಲ ಕಡೆ ನೋಡಿ ಸದ್ದು ತಗ್ಗಿಸಿದಳು. “ಹಂಗಂದ ಮೇಲೆ ನಿಮ್ಮತ್ತೆ ನಿಮ್ಮನ್ನ ಬೈಯೋದು ಬುಟ್ರಾ?”

ಇದನ್ನು ಇದುವರೆಗೆ ಯಾರೂ ಕೇಳಿರಲಿಲ್ಲ. ಶಿವರುದ್ರಮ್ಮ ಯೋಚಿಸಿದಳು. “ಬುಡ್ಲಿಲ್ಲ. ಕಮ್ಮಿ ಮಾಡುದ್ರು. ಅರ್ಧ ಬೈಗುಳ ಮನೆಗೆ ಹೋಗೋದು.”

“ಅರ್ಧ ಆದ್ರೂ ಸಾಕು ಬುಡಕ್ಕ. ನಮ್ಮನೆ ಬಾಗಿಲು ಸರಿಯಾಗೈತೆ. ಅದಕ್ಕೇ ಎಲ್ಲಾ ನನ್ನ ಮೇಲೆ.”

ಚೊಂಬು ಕೆಳಗಿಟ್ಟು ಸೆರಗು ಸರಿಮಾಡಿಕೊಂಡು ಅವಳು ನಡುಮನೆಗೆ ನಡೆದಳು. “ಅತ್ತೆ, ಇದೇ ಮನೆ ಇರ್ಲಿ. ಯಾಕೋ ಮನಸ್ಸಿಗೆ ಬಂತು.”

“ನಿನ್ನ ಯಾರು ಕೇಳುದ್ರೇ?” ಎಂದರೂ ಸಿದ್ದಗಂಗಮ್ಮನ ದನಿ ಆಗಿನಷ್ಟು ಗಡುಸಾಗಿರಲಿಲ್ಲ. ಕೈ ಆಗಲೇ ತೊಟ್ಟಿಲನ್ನು ಮೆಲ್ಲಗೆ ತೂಗುತ್ತಿತ್ತು.

ಹನುಮಂತಯ್ಯ ತಡಮಾಡಲಿಲ್ಲ. ವೀಳ್ಯ ಕೈ ಬದಲಾಯಿತು. ಹಾಲಸ್ವಾಮಿ ಜಗಲಿಯಿಂದ ಎದ್ದು ಬಂದು, ಹೆಂಡತಿಯ ಮುಖ ನೋಡದೆ, ಹೆಣ್ಣುಮಕ್ಕಳಿಗೆ ಕುಂಕುಮ ಕೊಡು ಎಂದ.

ಅತ್ತೆಗೆ ಕೊಟ್ಟು ಅವಳು ಸೊಸೆಯ ಮುಂದೆ ನಿಂತಳು. ಗಿರಿಜಾ ಕಣ್ಣು ಮುಚ್ಚಿ ಮುಖವೊಡ್ಡಿದಳು. ಹುಡುಗಿಯ ಹಣೆ ಬೆಚ್ಚಗಿತ್ತು. ಮಂಡಿ ಸಿಕ್ಕಿತೆಂಬ ಹಿಗ್ಗು ಬರಲಿಲ್ಲ; ಶಿವರುದ್ರಮ್ಮನ ಬೆರಳಿಗೆ ಆ ಬಿಸಿ ಮಾತ್ರ ತಿಳಿಯಿತು.